ದೂರದ ಗ್ರಹಗಳ ಶೋಧ ಮತ್ತು ಅದರ ಪ್ರಾಮಾಣ್ಯ

ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಒಳಪಟ್ಟಿದ್ದ ಮದರಾಸಿನ ವೀಕ್ಷಣಾಲಯದಲ್ಲಿ ಖಗೋಳಜ್ಞರಾಗಿದ್ದ ಕ್ಯಾಪ್ಟನ್ ಡಬ್ಲ್ಯು. ಎಸ್. ಜೇಕಬ್ ಅವರು 1855ರಲ್ಲಿ ಒಂದು ವಿಲಕ್ಷಣ ಸಂಗತಿಯನ್ನು ವಿದ್ವಾಂಸರ ಮುಂದಿಟ್ಟರು. ಉರಗಧರವೆಂಬ ನಕ್ಷತ್ರಮಂಡಲದಲ್ಲಿ 70 ಎಂಬ ಅಂಕಿಯಿಂದ ಗುರುತಿಸಲ್ಪಟ್ಟಿರುವ ಯಮಳ ನಕ್ಷತ್ರವೊಂದಿದೆ. ಅದರ ಎರಡು ನಕ್ಷತ್ರಗಳು ಸುಮಾರು 88 ವರ್ಷಗಳಿಗೊಮ್ಮೆ ಒಂದನ್ನೊಂದು ಸುತ್ತಿ ಬರುತ್ತವೆ. ಅವುಗಳ ಚಲನೆ ಗಣಿತದ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತಿಲ್ಲವೆಂದೂ, ಕಣ್ಣಿಗೆ ಕಾಣದ ಗ್ರಹವೊಂದು ಅಲ್ಲಿದ್ದು ತನ್ನ ಸೆಳೆತದಿಂದ ಈ ವ್ಯತ್ಯಾಸವನ್ನು ಉಂಟುಮಾಡುತ್ತಿರುವ ಸಂಭವ ಬಹಳವೆಂದೂ ಜೇಕಬ್ ಅವರು ತರ್ಕಿಸಿದರು. ನಮ್ಮ ಸೌರವ್ಯೂಹದ ಆಚೆಗೆ ಗ್ರಹವುಂಟೆಂದು ಅಳತೆಯ ಆಧಾರದಿಂದ ಹೇಳಿದ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಅದು ನಡೆದದ್ದು ಭಾರತದ ನೆಲದಲ್ಲಿ ಎಂಬುದು ಗಮನಾರ್ಹ.

ಆದರೆ ಆ ಗ್ರಹ ಅಲ್ಲಿರಲಿಲ್ಲ. 1890ರ ದಶಕದಲ್ಲಿ ಅಮೆರಿಕದ ಟಿ. ಜೆ. ಜೆ. ಸೀ ಎಂಬವರು ಅದೇ ನಕ್ಷತ್ರದ ಬಳಿ 36 ವರ್ಷಗಳ ಅವಧಿಯ ಕಪ್ಪುಕಾಯವೊಂದಿದೆಯೆಂದು ಸಾರಿದರು. ಅಂಥ ಮೂರು ಕಾಯಗಳ ಕೂಟ ಬಹುಕಾಲ ಸ್ಥಿರವಾಗಿ ಉಳಿಯಲಾರದೆಂದು 1899ರಲ್ಲಿ ಫಾರೆಸ್ಟ್ ರೇ ಮೌಲ್ಟನ್ ಅವರು ಗಣಿತದಿಂದ ತೋರಿಸಿಕೊಟ್ಟರು. ಅಳತೆಯಲ್ಲಿ ನುಸುಳಿದ ಸೂಕ್ಷ್ಮ ದೋಷಗಳೇ ಗ್ರಹದ ವೇಷ ಧರಿಸಿ ಬಂದಿದ್ದವು.

ಅಂದಿನಿಂದ ಇಂದಿನವರೆಗೆ ಕಾಲ ಬಹಳ ಮುಂದೆ ಸಾಗಿದೆ. ಅನ್ಯ ನಕ್ಷತ್ರಗಳನ್ನು ಸುತ್ತುವ, ‘ಸೌರಾತೀತ ಗ್ರಹ’ಗಳೆಂದು ಕರೆಯಲಾಗುವ ಇಂಥ ಗ್ರಹಗಳ ದೃಢಪಟ್ಟ ಸಂಖ್ಯೆ 2025ರ ಸೆಪ್ಟೆಂಬರಿನಲ್ಲಿ ಆರು ಸಾವಿರವನ್ನು ದಾಟಿತು. ಇವುಗಳಲ್ಲಿ ದೂರದರ್ಶಕದ ಮೂಲಕವಾದರೂ ನೇರವಾಗಿ ಕಂಡಂಥವು ಅತ್ಯಲ್ಪ. ಉಳಿದವೆಲ್ಲ ಅನುಮಾನಪ್ರಮಾಣದಿಂದ, ಅಂದರೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಕ್ರಮದಿಂದ ತಿಳಿದಂಥವು. ಹೊಗೆಯೆಂದು ಕಂಡದ್ದು ಮಂಜೂ ಆಗಿರಬಹುದೆಂಬುದನ್ನು ನಮ್ಮ ತಾರ್ಕಿಕರು ಬಹುಹಿಂದೆಯೇ ಅರಿತಿದ್ದರು. ಹೀಗಿರುವಲ್ಲಿ, ಈ ಆರು ಸಾವಿರವನ್ನು ಎಷ್ಟರಮಟ್ಟಿಗೆ ನಂಬಬಹುದು? ಹೊಗೆಯನ್ನೂ ಮಂಜನ್ನೂ ವಿಜ್ಞಾನಿಗಳು ಹೇಗೆ ಬೇರ್ಪಡಿಸುತ್ತಾರೆ? ಇದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನೋಟಕ್ಕೆ ಅಡ್ಡಿಯೇನು?

ಮೊದಲನೆಯ ಅಡ್ಡಿ ದೂರ. ಸೂರ್ಯನಿಗೂ ಭೂಮಿಗೂ ನಡುವಣ 15 ಕೋಟಿ ಕಿಲೋಮೀಟರುಗಳ ಅಂತರವನ್ನು ಒಂದು ಮೀಟರ್ ಎಂದು ಕಲ್ಪಿಸಿಕೊಂಡರೆ, ಸೂರ್ಯನನ್ನು ಬಿಟ್ಟು ಅತ್ಯಂತ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸುಮಾರು 268 ಕಿಲೋಮೀಟರುಗಳ ದೂರದಲ್ಲಿರುತ್ತದೆ. ಅಷ್ಟು ದೂರದಿಂದ, ದೀಪವೊಂದರ ಮಗ್ಗುಲಲ್ಲಿ ಒಂದು ಮೀಟರ್ ಅಂತರದಲ್ಲಿ ಹಾರುವ ಧೂಳಿನ ಕಣವನ್ನು ಕಾಣಬೇಕಾಗಿದೆ.

ಎರಡನೆಯ ಅಡ್ಡಿ ಬೆಳಕು. ಗ್ರಹಕ್ಕೆ ಸ್ವಂತ ಪ್ರಕಾಶವಿಲ್ಲ. ಸೂರ್ಯನ ಬೆಳಕಿನೆದುರು ಗುರುಗ್ರಹ ಪ್ರತಿಫಲಿಸುವ ಬೆಳಕು ಸುಮಾರು ನೂರು ಕೋಟಿಯಲ್ಲಿ ಒಂದು ಪಾಲು. ಭೂಮಿಯದು ಅದಕ್ಕಿಂತಲೂ ಹತ್ತು ಪಟ್ಟು ಕಡಿಮೆ. ಆದುದರಿಂದ ವಿಜ್ಞಾನಿಗಳು ಗ್ರಹವನ್ನು ಅರಸುವುದನ್ನು ಬಿಟ್ಟು, ಗ್ರಹ ತನ್ನ ನಕ್ಷತ್ರದ ಮೇಲೆ ಮಾಡುವ ಪರಿಣಾಮವನ್ನು ಅರಸತೊಡಗಿದರು.

ಪರಿಣಾಮದಿಂದ ಕಾರಣವನ್ನು ಊಹಿಸುವ ಈ ಮಾರ್ಗಕ್ಕೆ ಉಜ್ಜ್ವಲ ಪೂರ್ವನಿದರ್ಶನವಿತ್ತು. ಯುರೇನಸ್ ಗ್ರಹದ ಚಲನೆಯಲ್ಲಿ ಕಂಡ ವ್ಯತ್ಯಾಸದಿಂದ ಫ್ರಾನ್ಸಿನ ಲೆವೆರಿಯೆ ಅವರು ಕಾಣದ ಗ್ರಹವೊಂದರ ಸ್ಥಾನವನ್ನು ಗಣಿಸಿದರು; 1846ರಲ್ಲಿ ಬರ್ಲಿನ್ನಿನ ಗಾಲೆ ಅವರು ದೂರದರ್ಶಕವನ್ನು ಆ ಕಡೆಗೆ ತಿರುಗಿಸಿದಾಗ, ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ನೆಪ್ಚೂನ್ ದೊರೆಯಿತು. ಅದೇ ಲೆವೆರಿಯೆ ಅವರು ಅದೇ ತರ್ಕವನ್ನು ಬುಧಗ್ರಹಕ್ಕೂ ಅನ್ವಯಿಸಿ, ಬುಧನಿಗಿಂತ ಒಳಗೆ ಇನ್ನೊಂದು ಗ್ರಹವಿರಬೇಕೆಂದು 1859ರಲ್ಲಿ ಸೂಚಿಸಿದರು. ಅದಕ್ಕೆ ವಲ್ಕನ್ ಎಂಬ ಹೆಸರೂ ಬಂತು. ಕೆಲವರು ಅದನ್ನು ಕಂಡೆವೆಂದೂ ಹೇಳಿದರು. ಆದರೆ ಅಂಥ ಗ್ರಹ ಇರಲೇ ಇಲ್ಲ. ಬುಧನ ಚಲನೆಯ ವ್ಯತ್ಯಾಸಕ್ಕೆ ನಿಜವಾದ ಕಾರಣವನ್ನು 1915ರಲ್ಲಿ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತ ನೀಡಿತು. ಒಬ್ಬನೇ ಪಂಡಿತ, ಒಂದೇ ತರ್ಕ; ಒಮ್ಮೆ ಗ್ರಹ ದೊರೆಯಿತು, ಇನ್ನೊಮ್ಮೆ ದೊರೆಯಲಿಲ್ಲ. ತರ್ಕ ಎಷ್ಟೇ ಸುಂದರವಾಗಿದ್ದರೂ ಬೇರೊಂದು ಸಾಕ್ಷ್ಯ ಬೇಕೇ ಬೇಕೆಂಬ ಪಾಠವನ್ನು ಈ ಪ್ರಸಂಗ ಕಲಿಸುತ್ತದೆ.

ಬರ್ನಾರ್ಡ್ ನಕ್ಷತ್ರದ ಪ್ರಸಂಗ

ಗ್ರಹವು ನಕ್ಷತ್ರವನ್ನು ಸುತ್ತುತ್ತದೆಂದು ಸಾಮಾನ್ಯವಾಗಿ ಹೇಳುವುದುಂಟು. ನಿಜದಲ್ಲಿ ಎರಡೂ ತಮ್ಮ ಸಮಾನ ಗುರುತ್ವಕೇಂದ್ರವನ್ನು ಸುತ್ತುತ್ತವೆ. ಹಗುರವಾದ ಗ್ರಹ ದೊಡ್ಡ ವೃತ್ತದಲ್ಲಿ ಸುತ್ತಿದರೆ, ಭಾರವಾದ ನಕ್ಷತ್ರ ಅತಿ ಚಿಕ್ಕ ವೃತ್ತದಲ್ಲಿ ತೂಗಾಡುತ್ತದೆ. ಆಕಾಶದಲ್ಲಿ ನಕ್ಷತ್ರದ ಸ್ಥಾನವನ್ನು ವರ್ಷಗಟ್ಟಲೆ ಅಳೆದರೆ ಈ ತೂಗಾಟ ಕಾಣಬೇಕು. ಇದೇ ಮೊದಲನೆಯ ವಿಧಾನ.

ಉರಗಧರ ಮಂಡಲದಲ್ಲಿಯೇ, 70ನೆಯ ಅಂಕಿಯ ಆ ಯಮಳದಿಂದ ಬಹುದೂರವಲ್ಲದೆ, ಬರ್ನಾರ್ಡ್ ನಕ್ಷತ್ರವೆಂಬ ಮಂದವಾದ ಕೆಂಪು ನಕ್ಷತ್ರವೊಂದಿದೆ. ನಮ್ಮಿಂದ ಅದರ ದೂರ ಸುಮಾರು 6 ಜ್ಯೋತಿರ್ವರ್ಷ. ಅಮೆರಿಕದ ಸ್ಪ್ರೌಲ್ ವೀಕ್ಷಣಾಲಯದ ಪೀಟರ್ ವಾನ್ ಡೆ ಕ್ಯಾಂಪ್ ಅವರು 1938ರಿಂದ ಇದರ ಛಾಯಾಚಿತ್ರಗಳನ್ನು ತೆಗೆಯಿಸುತ್ತ ಬಂದರು. ಕಾಲು ಶತಮಾನದ ತಾಳ್ಮೆಯ ನಂತರ 1963ರಲ್ಲಿ, ಗುರುವಿನ 1.6 ಪಟ್ಟು ದ್ರವ್ಯರಾಶಿಯ ಗ್ರಹವೊಂದು 24 ವರ್ಷಗಳಿಗೊಮ್ಮೆ ಅದನ್ನು ಸುತ್ತುತ್ತಿದೆಯೆಂದು ಪ್ರಕಟಿಸಿದರು. 1969ರಲ್ಲಿ ಒಂದಲ್ಲ, ಎರಡು ಗ್ರಹಗಳಿವೆಯೆಂದರು. ಪಠ್ಯಪುಸ್ತಕಗಳು ಇದನ್ನು ಸ್ವೀಕರಿಸಿದವು.

ಅವರು ಆಧರಿಸಿದ್ದ ತೂಗಾಟ ಛಾಯಾಫಲಕದ ಮೇಲೆ ಸುಮಾರು ಒಂದು ಮೈಕ್ರಾನಿನಷ್ಟು, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ಮಾತ್ರ. 1973ರಲ್ಲಿ ಜಾರ್ಜ್ ಗೇಟ್‌ವುಡ್ ಮತ್ತು ಹೈನ್‌ರಿಕ್ ಐಕ್‌ಹಾರ್ನ್ ಅವರು ಬೇರೆ ದೂರದರ್ಶಕಗಳಲ್ಲಿ ತೆಗೆದ ಫಲಕಗಳನ್ನು ಅಳೆದು ನೋಡಿದರು, ತೂಗಾಟ ಕಾಣಲಿಲ್ಲ. ಅದೇ ವರ್ಷ ಸ್ಪ್ರೌಲ್ ವೀಕ್ಷಣಾಲಯದ ಜಾನ್ ಹರ್ಷಿ ಅವರು ಇನ್ನೂ ಸ್ಪಷ್ಟವಾದ ಸಾಕ್ಷ್ಯವನ್ನು ಕಂಡುಕೊಂಡರು. ಅದೇ ದೂರದರ್ಶಕದಿಂದ ನೋಡಿದ ಬೇರೆ ನಕ್ಷತ್ರವೂ ಅದೇ ಕಾಲಕ್ಕೆ, ಅದೇ ರೀತಿ ಸ್ಥಾನ ಬದಲಿಸಿದಂತೆ ಕಾಣುತ್ತಿತ್ತು. ಆ ಬದಲಾವಣೆಗಳು ದೂರದರ್ಶಕದ ಮಸೂರವನ್ನು 1949ರಲ್ಲಿಯೂ 1957ರಲ್ಲಿಯೂ ಸರಿಪಡಿಸಿದ ಸಮಯಕ್ಕೆ ಹೊಂದುತ್ತಿದ್ದವು. ತೂಗಾಡಿದ್ದು ನಕ್ಷತ್ರವಲ್ಲ, ಉಪಕರಣ. ವಾನ್ ಡೆ ಕ್ಯಾಂಪ್ ಅವರು ಮಾತ್ರ 1995ರಲ್ಲಿ ತೀರಿಕೊಳ್ಳುವವರೆಗೆ ತಮ್ಮ ಗ್ರಹಗಳನ್ನು ಕೈಬಿಡಲಿಲ್ಲ.

ಈ ಪ್ರಸಂಗವನ್ನು ಅವರ ನಿಂದೆಗಾಗಿ ಸ್ಮರಿಸಬೇಕಾಗಿಲ್ಲ. ಅವರ ಶ್ರಮ ಪ್ರಾಮಾಣಿಕವಾದದ್ದು. ತಾನು ಬಳಸುವ ಉಪಕರಣದ ಗುಣದೋಷವನ್ನು ಅರಿಯದೆ ಅದು ತೋರಿಸುವುದನ್ನು ನಂಬಬಾರದೆಂಬುದೂ, ಒಂದೇ ಉಪಕರಣದ ಸಾಕ್ಷ್ಯ ಸಾಲದೆಂಬುದೂ ಈ ಪ್ರಸಂಗದಿಂದ ಸ್ಥಿರಪಟ್ಟ ನಿಯಮಗಳು.

ತಪ್ಪೊಪ್ಪಿಗೆಗೆ ದೊರೆತ ಮನ್ನಣೆ

ಮೊದಲ ನಿಸ್ಸಂದೇಹ ಗ್ರಹಗಳು ದೊರೆತದ್ದು ಯಾರೂ ನಿರೀಕ್ಷಿಸದ ಸ್ಥಳದಲ್ಲಿ. ಭಾರಿ ನಕ್ಷತ್ರ ಸಿಡಿದು ಅಳಿದ ಮೇಲೆ ಉಳಿಯುವ ಸಾಂದ್ರವಾದ ಶೇಷವು ಅತಿ ವೇಗದಿಂದ ತಿರುಗುತ್ತ, ನಿಯತವಾಗಿ ರೇಡಿಯೋ ಮಿಡಿತಗಳನ್ನು ಹೊಮ್ಮಿಸುತ್ತದೆ. ಇದಕ್ಕೆ ಪಲ್ಸಾರ್ ಎಂದು ಹೆಸರು. ಇದು ಪ್ರಕೃತಿಯ ಗಡಿಯಾರ. ಅದರ ಸುತ್ತ ಗ್ರಹವಿದ್ದರೆ ಪಲ್ಸಾರ್ ತೂಗಾಡಿ, ಮಿಡಿತಗಳು ಒಮ್ಮೆ ತುಸು ಮುಂಚೆಯೂ ಒಮ್ಮೆ ತುಸು ತಡವಾಗಿಯೂ ಬರಬೇಕು.

1991ರಲ್ಲಿ ಇಂಗ್ಲೆಂಡಿನ ಆಂಡ್ರೂ ಲೈನ್ ಮತ್ತು ಸಂಗಡಿಗರು ಒಂದು ಪಲ್ಸಾರಿನ ಬಳಿ ಆರು ತಿಂಗಳ ಅವಧಿಯ ಗ್ರಹವನ್ನು ಕಂಡುದಾಗಿ ಪ್ರಕಟಿಸಿದರು. ಆರು ತಿಂಗಳೆಂಬುದು ಭೂಮಿಯ ವರ್ಷದ ಸರಿಯಾದ ಅರ್ಧ. ಮರುಪರಿಶೀಲನೆ ನಡೆಸಿದ ಲೈನ್ ಅವರಿಗೆ ತಪ್ಪು ಗೋಚರಿಸಿತು. ಪಲ್ಸಾರಿನ ಸ್ಥಾನವನ್ನು ಗೊತ್ತುಮಾಡುವಲ್ಲಿ ಸಣ್ಣ ಪ್ರಮಾದವಾಗಿತ್ತು; ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲವೆಂಬ ಅಂಶದೊಡನೆ ಅದು ಸೇರಿ ಆರು ತಿಂಗಳ ಹುಸಿ ಏರಿಳಿತವನ್ನು ಹುಟ್ಟಿಸಿತ್ತು. ಅವರು ಕಂಡದ್ದು ಬೇರೆ ಗ್ರಹವನ್ನಲ್ಲ, ನಮ್ಮ ಭೂಮಿಯ ಚಲನೆಯ ನೆರಳನ್ನು.

1992ರ ಜನವರಿಯಲ್ಲಿ ಅಟ್ಲಾಂಟಾ ನಗರದಲ್ಲಿ ಅಮೆರಿಕದ ಖಗೋಳಜ್ಞರ ಸಂಘದ ಅಧಿವೇಶನ ಸೇರಿತ್ತು. ತಮ್ಮ ಶೋಧವನ್ನು ಕುರಿತು ಮಾತನಾಡಲು ಆಹ್ವಾನಿತರಾಗಿದ್ದ ಲೈನ್ ಅವರು ಸಭೆಯ ಮುಂದೆ ನಿಂತು, ಗ್ರಹವಿಲ್ಲವೆಂದೂ ತಪ್ಪು ತಮ್ಮದೆಂದೂ ಹೇಳಿದರು. ಸಭಿಕರು ಎದ್ದು ನಿಂತು ಅವರನ್ನು ಗೌರವಿಸಿದರು. ಅದೇ ಸಭೆಯಲ್ಲಿ ಪೋಲೆಂಡಿನ ಅಲೆಕ್ಸಾಂಡರ್ ವೋಲ್ಶ್‌ಚಾನ್ ಅವರು, ಡೇಲ್ ಫ್ರೇಲ್ ಅವರ ಜೊತೆಗೂಡಿ ಕಂಡ ಬೇರೊಂದು ಪಲ್ಸಾರಿನ ಎರಡು ಗ್ರಹಗಳನ್ನು ವಿವರಿಸಿದರು. ಅವುಗಳ ಅವಧಿ ಸುಮಾರು 66 ಮತ್ತು 98 ದಿನಗಳು. ಭೂಮಿಯ ವರ್ಷಕ್ಕೂ ಅವಕ್ಕೂ ನಂಟಿರಲಿಲ್ಲ. ಎರಡು ಗ್ರಹಗಳು ಪರಸ್ಪರ ಸೆಳೆಯುವುದರಿಂದ ಮಿಡಿತಗಳಲ್ಲಿ ಇನ್ನೂ ಸೂಕ್ಷ್ಮವಾದ ವ್ಯತ್ಯಾಸವೊಂದು ಕಾಣಬೇಕೆಂಬ ಮುನ್ಸೂಚನೆಯಿತ್ತು. 1994ರಲ್ಲಿ ಅದೂ ಕಂಡಿತು. ಗ್ರಹದ ವೇಷ ಧರಿಸಿದ ದೋಷ ಯಾವುದೂ ಇಂಥ ಮುನ್ಸೂಚನೆಯನ್ನು ನೆರವೇರಿಸಲಾರದು. ಆದುದರಿಂದ ಈ ಗ್ರಹಗಳು ಅಂದಿನಿಂದ ಇಂದಿನವರೆಗೆ ಅಚಲವಾಗಿ ನಿಂತಿವೆ.

ಬೆಳಕಿನ ರೋಹಿತ ಹೇಳುವ ಸಾಕ್ಷ್ಯ

ಎರಡನೆಯ ಮುಖ್ಯ ವಿಧಾನ ಡಾಪ್ಲರ್ ಪರಿಣಾಮವನ್ನು ಅವಲಂಬಿಸಿದೆ. ರೈಲುಗಾಡಿ ಸಮೀಪಿಸುವಾಗ ಅದರ ಸಿಳ್ಳಿನ ಶ್ರುತಿ ಏರಿಯೂ ದೂರ ಸರಿಯುವಾಗ ಇಳಿದೂ ಕೇಳಿಸುವುದು ಎಲ್ಲರ ಅನುಭವ. ಬೆಳಕಿನಲ್ಲಿಯೂ ಇದು ನಡೆಯುತ್ತದೆ. ನಕ್ಷತ್ರ ನಮ್ಮತ್ತ ತೂಗಿದಾಗ ಅದರ ರೋಹಿತದ ಕಪ್ಪುಗೆರೆಗಳು ನೀಲಿಯ ಕಡೆಗೂ, ಹಿಂದೆ ಸರಿದಾಗ ಕೆಂಪಿನ ಕಡೆಗೂ ಜರುಗುತ್ತವೆ. ಆ ಜರುಗಿನಿಂದ ವೇಗವನ್ನು ಅಳೆಯಬಹುದು. ಗುರುಗ್ರಹದ ಸೆಳೆತದಿಂದ ಸೂರ್ಯ ಸೆಕೆಂಡಿಗೆ ಸುಮಾರು 12.5 ಮೀಟರ್ ವೇಗದಿಂದ ತೂಗುತ್ತಾನೆ. ಅದು ಊರುಗಳ ನಡುವೆ ಓಡುವ ಬಸ್ಸಿನ ವೇಗ. ಭೂಮಿಯ ಸೆಳೆತದಿಂದಾಗುವ ತೂಗಾಟವಾದರೋ ಸೆಕೆಂಡಿಗೆ ಕೇವಲ 9 ಸೆಂಟಿಮೀಟರ್, ಅಂಬೆಗಾಲಿಡುವ ಶಿಶುವಿನ ವೇಗಕ್ಕಿಂತಲೂ ಕಡಿಮೆ.

1995ರಲ್ಲಿ ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್ ಮತ್ತು ದಿದಿಯೆ ಕೆಲೋಸ್ ಅವರು ದಕ್ಷಿಣ ಫ್ರಾನ್ಸಿನ ಓತ್ ಪ್ರೊವಾನ್ಸ್ ವೀಕ್ಷಣಾಲಯದಿಂದ ಈ ವಿಧಾನದಲ್ಲಿ ಸೂರ್ಯಸದೃಶ ನಕ್ಷತ್ರವೊಂದರ ಮೊದಲ ಗ್ರಹವನ್ನು ಕಂಡರು. ಮಹಾಶ್ವ ಮಂಡಲದ 51ನೆಯ ಅಂಕಿಯ ಆ ನಕ್ಷತ್ರದ ದೂರ ಸುಮಾರು 50 ಜ್ಯೋತಿರ್ವರ್ಷ. ಗುರುವಿನ ಅರ್ಧದಷ್ಟಾದರೂ ದ್ರವ್ಯರಾಶಿಯ ಆ ಗ್ರಹ ಕೇವಲ 4.2 ದಿನಗಳಲ್ಲಿ ತನ್ನ ನಕ್ಷತ್ರವನ್ನು ಸುತ್ತುತ್ತಿತ್ತು. ಬುಧನಿಗೂ ಒಂದು ಸುತ್ತಿಗೆ 88 ದಿನ ಬೇಕಾಗುವಾಗ ಇದನ್ನು ನಂಬುವುದು ಹೇಗೆ? ಅಮೆರಿಕದ ಜೆಫ್ರಿ ಮಾರ್ಸಿ ಮತ್ತು ಪಾಲ್ ಬಟ್ಲರ್ ಅವರು ಬೇರೆ ದೂರದರ್ಶಕದಿಂದ ನೋಡಿ ಕೆಲವೇ ದಿನಗಳಲ್ಲಿ ಅದನ್ನು ಸ್ಥಿರಪಡಿಸಿದರು. ಆದರೂ 1997ರಲ್ಲಿ ಕೆನಡಾದ ಡೇವಿಡ್ ಗ್ರೇ ಅವರು, ಇದು ತೂಗಾಟವಲ್ಲ, ನಕ್ಷತ್ರದ ಮೈಯೇ ಕಂಪಿಸುತ್ತಿರಬಹುದು ಎಂದು ಆಕ್ಷೇಪಿಸಿದರು. ಇನ್ನಷ್ಟು ಅಳತೆಗಳಾದ ಮೇಲೆ 1998ರಲ್ಲಿ ಅವರೇ ಆ ಆಕ್ಷೇಪವನ್ನು ಹಿಂತೆಗೆದುಕೊಂಡರು. ಹೀಗೆ ಪ್ರಶ್ನೆಗೆ ಒಳಗಾಗಿ ಉಳಿದುಬಂದ ಶೋಧಕ್ಕೆ 2019ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಈ ವಿಧಾನಕ್ಕೆ ಎರಡು ಮಿತಿಗಳಿವೆ. ಮೊದಲನೆಯದಾಗಿ, ಇದು ಗ್ರಹದ ಕನಿಷ್ಠ ದ್ರವ್ಯರಾಶಿಯನ್ನು ಮಾತ್ರ ತಿಳಿಸುತ್ತದೆ. ಕಕ್ಷೆ ನಮ್ಮ ದೃಷ್ಟಿರೇಖೆಗೆ ಎಷ್ಟು ಓರೆಯಾಗಿದೆಯೆಂಬುದು ಇದರಿಂದ ತಿಳಿಯದು. 1989ರಲ್ಲಿ ಎಚ್‌ಡಿ 114762 ಎಂಬ ನಕ್ಷತ್ರದ ಬಳಿ ಗುರುವಿನ ಸುಮಾರು 11 ಪಟ್ಟು ಕನಿಷ್ಠ ದ್ರವ್ಯರಾಶಿಯ ಕಾಯವೊಂದು ದೊರೆತು, ಇದೇ ಮೊದಲ ಸೌರಾತೀತ ಗ್ರಹವಿರಬಹುದೆಂದು ಹಲವರು ಭಾವಿಸಿದ್ದರು. ನಕ್ಷತ್ರಗಳ ಸ್ಥಾನವನ್ನು ಅತಿಸೂಕ್ಷ್ಮವಾಗಿ ಅಳೆದ ಯೂರೋಪಿನ ಗಾಯಾ ವ್ಯೋಮನೌಕೆಯ ಮಾಹಿತಿ ಬಂದ ಮೇಲೆ ಆ ಕಕ್ಷೆಯನ್ನು ನಾವು ಬಹುಮಟ್ಟಿಗೆ ಮೇಲಿನಿಂದ ನೋಡುತ್ತಿದ್ದೇವೆಂದೂ, ಆ ಕಾಯ ಗ್ರಹವಲ್ಲ, ಒಂದು ಸಣ್ಣ ನಕ್ಷತ್ರವೆಂದೂ ಗೊತ್ತಾಯಿತು.

ಎರಡನೆಯದಾಗಿ, ನಕ್ಷತ್ರ ಶಾಂತವಾದ ದೀಪವಲ್ಲ. ಅದರ ಮೈ ಕುದಿಯುತ್ತದೆ, ಮೇಲೆ ಕಲೆಗಳು ಮೂಡುತ್ತವೆ, ಅದು ತಿರುಗಿದಂತೆ ಕಲೆಗಳೂ ತಿರುಗಿ ರೋಹಿತವನ್ನು ಕದಡುತ್ತವೆ. 2012ರಲ್ಲಿ ಆಲ್ಫಾ ಸೆಂಟಾರಿಯ ಎರಡನೆಯ ನಕ್ಷತ್ರದ ಬಳಿ 3.24 ದಿನಗಳ ಅವಧಿಯ, ಭೂಮಿಯಷ್ಟು ದ್ರವ್ಯರಾಶಿಯ ಗ್ರಹವೊಂದು ಘೋಷಿತವಾಯಿತು. ಅದರ ಸುಳಿವು ಸೆಕೆಂಡಿಗೆ ಅರ್ಧ ಮೀಟರಿನಷ್ಟು. 2015ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಒಂದು ಸರಳವಾದ ಪರೀಕ್ಷೆ ಮಾಡಿದರು. ಗ್ರಹವೇ ಇಲ್ಲದ ಕೃತಕ ನಕ್ಷತ್ರವೊಂದನ್ನು ಗಣಕಯಂತ್ರದಲ್ಲಿ ಕಲ್ಪಿಸಿ, ನಿಜವಾದ ವೀಕ್ಷಣೆ ನಡೆದ ಅದೇ ದಿನಾಂಕಗಳಲ್ಲಿ ಅದನ್ನು ‘ವೀಕ್ಷಿಸಿ’ದರು. ಅಲ್ಲಿಯೂ 3.24 ದಿನಗಳ ಸುಳಿವು ಕಂಡಿತು! ವೀಕ್ಷಣೆ ನಡೆದ ರಾತ್ರಿಗಳ ಹಂಚಿಕೆಯೇ ಆ ಗ್ರಹವನ್ನು ಸೃಷ್ಟಿಸಿತ್ತು.

ಸಂಶಯವೂ ಒಮ್ಮೊಮ್ಮೆ ಅತಿಯಾಗುವುದುಂಟು. ಯುಧಿಷ್ಠಿರ ಮಂಡಲದ ಗಾಮಾ ನಕ್ಷತ್ರದ ಬಳಿ ಗ್ರಹದ ಸುಳಿವನ್ನು ಕೆನಡಾದ ಕ್ಯಾಂಬೆಲ್, ವಾಕರ್ ಮತ್ತು ಯಾಂಗ್ ಅವರು 1988ರಲ್ಲಿಯೇ ಕಂಡಿದ್ದರು. 1992ರಲ್ಲಿ, ಅದು ನಕ್ಷತ್ರದ ಆವರ್ತನೆಯ ಪರಿಣಾಮವಿರಬಹುದೆಂದು ಭಾವಿಸಿ ಹಿಂದೆ ಸರಿದರು. 2003ರಲ್ಲಿ ಆ ಗ್ರಹ ಇರುವುದು ಖಚಿತವಾಯಿತು. ಅವಸರದಿಂದ ಹೇಳಿದವರು ಕೆಲವರು ಕೀರ್ತಿ ಪಡೆದರು. ಎಚ್ಚರದಿಂದ ಹಿಂಜರಿದ ಇವರು ಅದನ್ನು ಕಳೆದುಕೊಂಡರು. ಆದರೂ ಅವರ ನಡತೆಯನ್ನು ವಿಜ್ಞಾನಲೋಕ ಇಂದಿಗೂ ಗೌರವದಿಂದಲೇ ಕಾಣುತ್ತದೆ.

ಕುಂದುವ ಬೆಳಕು

ಮೂರನೆಯದು ಸಂಕ್ರಮಣ ವಿಧಾನ. ಶುಕ್ರಗ್ರಹ ಸೂರ್ಯಬಿಂಬವನ್ನು ಹಾಯ್ದುಹೋದುದನ್ನು 2004 ಮತ್ತು 2012ರಲ್ಲಿ ನಮ್ಮ ನಾಡಿನ ಅನೇಕ ಶಾಲೆಗಳ ಮಕ್ಕಳೂ ನೋಡಿದ್ದಾರೆ. ಹಾಗೆಯೇ ದೂರದ ಗ್ರಹ ತನ್ನ ನಕ್ಷತ್ರದ ಮುಂದೆ ಹಾಯ್ದರೆ ನಕ್ಷತ್ರದ ಬೆಳಕು ತುಸು ಕುಂದುತ್ತದೆ. ಸೂರ್ಯನಂಥ ನಕ್ಷತ್ರದ ಮುಂದೆ ಗುರುವಿನಷ್ಟು ದೊಡ್ಡ ಗ್ರಹ ಹಾಯ್ದರೆ ನೂರರಲ್ಲಿ ಒಂದು ಪಾಲು, ಭೂಮಿಯಷ್ಟು ಚಿಕ್ಕದಾದರೆ ಹತ್ತು ಸಾವಿರದಲ್ಲಿ ಒಂದಕ್ಕಿಂತಲೂ ಕಡಿಮೆ ಪಾಲು ಬೆಳಕು ಕುಂದುತ್ತದೆ. ಇದರಿಂದ ಗ್ರಹದ ಗಾತ್ರ ತಿಳಿಯುತ್ತದೆ. ಡಾಪ್ಲರ್ ವಿಧಾನದಿಂದ ದ್ರವ್ಯರಾಶಿಯೂ ತಿಳಿದರೆ ಸಾಂದ್ರತೆಯನ್ನು ಗಣಿಸಿ, ಗ್ರಹ ಬಂಡೆಯದೋ ಅನಿಲದ್ದೋ ಎಂಬುದನ್ನು ನಿರ್ಧರಿಸಬಹುದು. 1999ರಲ್ಲಿ ಎಚ್‌ಡಿ 209458 ಎಂಬ ನಕ್ಷತ್ರದಲ್ಲಿ ಇವೆರಡೂ ಮೊದಲ ಬಾರಿಗೆ ಕೂಡಿಬಂದವು. ಆ ಗ್ರಹದ ಸಾಂದ್ರತೆ ನೀರಿಗಿಂತಲೂ ಕಡಿಮೆಯೆಂದು ತಿಳಿಯಿತು. ಡಾಪ್ಲರ್ ಅಳತೆಯಿಂದ ಹೇಳಿದ ಗಳಿಗೆಗೇ ಬೆಳಕು ಕುಂದಿದ್ದರಿಂದ, ಇಂಥ ಗ್ರಹಗಳ ಇರವನ್ನು ಕುರಿತ ಶಂಕೆಗೆ ಹೆಚ್ಚಿನ ಎಡೆಯುಳಿಯಲಿಲ್ಲ.

2009ರಲ್ಲಿ ಉಡಾಯಿಸಲ್ಪಟ್ಟ ಅಮೆರಿಕದ ಕೆಪ್ಲರ್ ವ್ಯೋಮದೂರದರ್ಶಕವು ರಾಜಹಂಸ ಮತ್ತು ವೀಣಾ ಮಂಡಲಗಳ ದಿಕ್ಕಿನ ಸುಮಾರು ಒಂದೂವರೆ ಲಕ್ಷ ನಕ್ಷತ್ರಗಳನ್ನು ನಾಲ್ಕು ವರ್ಷಗಳ ಕಾಲ ಎವೆಯಿಕ್ಕದೆ ನೋಡಿತು. ಇಂದು ತಿಳಿದಿರುವ ಗ್ರಹಗಳಲ್ಲಿ ಸುಮಾರು ಮುಕ್ಕಾಲು ಭಾಗ ಸಂಕ್ರಮಣ ವಿಧಾನದಿಂದಲೇ ದೊರೆತಂಥವು.

ಆದರೆ ಬೆಳಕು ಕುಂದಿದಲ್ಲೆಲ್ಲ ಗ್ರಹವಿರುವುದಿಲ್ಲ. ಹಿನ್ನೆಲೆಯಲ್ಲಿ ಬಹುದೂರದ ಯಮಳ ನಕ್ಷತ್ರವೊಂದು ಪರಸ್ಪರ ಗ್ರಹಣ ಮಾಡುತ್ತಿದ್ದು, ಅದರ ಬೆಳಕು ಮುಂದಿನ ನಕ್ಷತ್ರದ ಬೆಳಕಿನೊಡನೆ ಬೆರೆತರೆ, ಆಳವಾದ ಆ ಗ್ರಹಣ ಗ್ರಹದ ಸಂಕ್ರಮಣದಷ್ಟೇ ಅಲ್ಪವಾಗಿ ತೋರುತ್ತದೆ. ಕೆಪ್ಲರ್ ಸೂಚಿಸಿದ, ನಕ್ಷತ್ರಕ್ಕೆ ಸಮೀಪದ ದೈತ್ಯಗ್ರಹಗಳನ್ನು ಅಲೆಕ್ಸಾಂಡ್ರ್ ಸಾಂಟರ್ನ್ ಮತ್ತು ಸಂಗಡಿಗರು ಭೂಮಿಯಿಂದ ಡಾಪ್ಲರ್ ವಿಧಾನದಿಂದ ಪರೀಕ್ಷಿಸಿ, 100ಕ್ಕೆ ಸುಮಾರು 35ರಷ್ಟು ಹುಸಿಯೆಂದು 2012ರಲ್ಲಿ ಅಂದಾಜು ಮಾಡಿದರು. ಸಣ್ಣ ಗ್ರಹಗಳಲ್ಲಿ, ಅದರಲ್ಲಿಯೂ ಒಂದೇ ನಕ್ಷತ್ರಕ್ಕೆ ಹಲವು ಗ್ರಹಗಳು ಕಂಡಲ್ಲಿ, ಹುಸಿಯ ಪ್ರಮಾಣ ಬಹಳ ಕಡಿಮೆ. ಆದುದರಿಂದ ‘ಸಂಭಾವ್ಯ ಗ್ರಹ’ವೆಂಬ ಪಟ್ಟಿಗೂ ‘ದೃಢಪಟ್ಟ ಗ್ರಹ’ವೆಂಬ ಪಟ್ಟಿಗೂ ಇರುವ ಅಂತರವನ್ನು ಓದುಗರು ಯಾವಾಗಲೂ ಗಮನಿಸಬೇಕು.

ತಮ್ಮ ಉಪಕರಣದ ವಿಶ್ವಾಸಾರ್ಹತೆಯನ್ನು ಅಳೆಯಲು ಕೆಪ್ಲರ್ ತಂಡದವರು ಅನುಸರಿಸಿದ ಕ್ರಮ ಮನನೀಯವಾದುದು. ನಕ್ಷತ್ರಗಳ ಬೆಳಕಿನ ನಕ್ಷೆಯನ್ನು ಅವರು ತಲೆಕೆಳಗು ಮಾಡಿದರು. ಬೆಳಕು ಕುಂದಿದ್ದು ಏರಿದಂತೆಯೂ ಏರಿದ್ದು ಕುಂದಿದಂತೆಯೂ ಆಯಿತು. ಇನ್ನೊಮ್ಮೆ ಕಾಲಕ್ರಮವನ್ನು ಕಲಸಿಬಿಟ್ಟರು. ಇಂಥ ಮಾಹಿತಿಯಲ್ಲಿ ನಿಜವಾದ ಗ್ರಹ ಇರಲಾರದು. ಆದರೂ ಗಣಕಯಂತ್ರ ‘ಗ್ರಹ’ವೆಂದು ಎಷ್ಟನ್ನು ಎತ್ತಿತೋ ಅಷ್ಟೂ ಹುಸಿ. ಮತ್ತೊಂದೆಡೆ, ಮಾಹಿತಿಯೊಳಗೆ ಕೃತಕ ಗ್ರಹಗಳನ್ನು ಬಚ್ಚಿಟ್ಟು, ಯಂತ್ರ ಎಷ್ಟನ್ನು ಪತ್ತೆಮಾಡುತ್ತದೆಂದು ಎಣಿಸಿದರು. ಮೊದಲನೆಯದರಿಂದ ಕಂಡದ್ದರಲ್ಲಿ ಹುಸಿ ಎಷ್ಟೆಂಬುದೂ, ಎರಡನೆಯದರಿಂದ ಕಾಣದೆ ಉಳಿದದ್ದು ಎಷ್ಟೆಂಬುದೂ ತಿಳಿಯಿತು.

ಈ ಪರೀಕ್ಷೆಗೆ ಒಡ್ಡಿದಾಗ ಕೆಲವು ಪ್ರಸಿದ್ಧ ಗ್ರಹಗಳೂ ಅಲುಗಾಡಿದವು. 2015ರಲ್ಲಿ ಭೂಮಿಯ ಸೋದರನೆಂದು ಪತ್ರಿಕೆಗಳು ಕೊಂಡಾಡಿದ ಕೆಪ್ಲರ್–452ಬಿ ಗ್ರಹದ ಅವಧಿ 385 ದಿನಗಳು. ಕೆಪ್ಲರ್ ನೌಕೆ ಸೂರ್ಯನನ್ನು ಸುತ್ತುವ ಅವಧಿ ಸುಮಾರು 372 ದಿನಗಳು. ಸುತ್ತಿನಲ್ಲಿ ನಾಲ್ಕು ಬಾರಿ ನೌಕೆ ಮಗ್ಗುಲು ಬದಲಿಸುತ್ತಿತ್ತು. ಪ್ರತಿ ನಕ್ಷತ್ರವೂ ವರ್ಷಕ್ಕೊಮ್ಮೆ ಅದೇ ಸಂವೇದಕದ ಮೇಲೆ ಬಂದು, ಆ ಸಂವೇದಕದ ದೋಷ ಗ್ರಹದಂತೆ ಮರುಕಳಿಸುತ್ತಿತ್ತು. ಹೀಗಾಗಿ ಈ ಅವಧಿಯ ಸುತ್ತಮುತ್ತ ಹುಸಿ ಸುಳಿವುಗಳು ದಟ್ಟವಾಗಿದ್ದವು. 2018ರಲ್ಲಿ ಫರ್ಗಲ್ ಮುಲ್ಲಾಲಿ ಮತ್ತು ಸಂಗಡಿಗರು, ಈ ಗ್ರಹವನ್ನು 100ಕ್ಕೆ 99ರಷ್ಟು ಖಚಿತವೆಂದು ಹೇಳಲು ಆಧಾರ ಸಾಲದೆಂದು ತೋರಿಸಿದರು. ಅದು ಇಲ್ಲವೆಂದು ಅವರು ಹೇಳಲಿಲ್ಲ. ಇದೆಯೆಂದು ಪ್ರಮಾಣೀಕರಿಸಲಾಗದು ಎಂದರು. ಈ ಎರಡು ಮಾತುಗಳ ನಡುವಣ ಭೇದ ದೊಡ್ಡದು.

ನೇರ ನೋಟವೂ ಮೋಸ ಮಾಡಬಲ್ಲುದು

ಕಣ್ಣಾರೆ ಕಂಡದ್ದು ಸುಳ್ಳಾಗದೆಂಬ ನಂಬಿಕೆ ಲೋಕದಲ್ಲಿದೆ. 2008ರಲ್ಲಿ ಎರಡು ನೇರ ಚಿತ್ರಗಳು ಪ್ರಕಟವಾದವು. ಎಚ್‌ಆರ್ 8799 ಎಂಬ ನಕ್ಷತ್ರದ ಮೂರು ಗ್ರಹಗಳು ಭೂಮಿಯ ಮೇಲಿನ ದೂರದರ್ಶಕಗಳಿಂದಲೂ, ಫೋಮಲ್‌ಹಾಟ್ ನಕ್ಷತ್ರದ ಒಂದು ಗ್ರಹ ಹಬಲ್ ವ್ಯೋಮದೂರದರ್ಶಕದಿಂದಲೂ ಕಂಡವು. ಮೊದಲನೆಯದರಲ್ಲಿ ನಾಲ್ಕನೆಯ ಗ್ರಹವೂ ಆಮೇಲೆ ದೊರೆತು, ಅವೆಲ್ಲ ತಮ್ಮ ಕಕ್ಷೆಗಳಲ್ಲಿ ಚಲಿಸುವುದನ್ನು ವರ್ಷವರ್ಷವೂ ಚಿತ್ರಿಸಲಾಗಿದೆ. ಎರಡನೆಯದು ಕ್ರಮೇಣ ಹರಡಿ ಮಸುಕಾಗಿ 2014ರ ಹೊತ್ತಿಗೆ ಮಾಯವಾಯಿತು. ಅದು ಗ್ರಹವಲ್ಲ, ಎರಡು ಹಿಮಕಾಯಗಳು ಡಿಕ್ಕಿಹೊಡೆದಾಗ ಎದ್ದ ಧೂಳಿನ ಮೋಡವೆಂದು 2020ರಲ್ಲಿ ಗ್ಯಾಸ್ಪರ್ ಮತ್ತು ರೀಕೆ ಅವರು ವಾದಿಸಿದರು. ಪ್ರತ್ಯಕ್ಷಕ್ಕೂ ಪರೀಕ್ಷೆ ಬೇಕು.

ಇವಲ್ಲದೆ, ದೂರದ ನಕ್ಷತ್ರದ ಬೆಳಕನ್ನು ನಡುವಿನ ನಕ್ಷತ್ರವೊಂದರ ಗುರುತ್ವಾಕರ್ಷಣೆ ಮಸೂರದಂತೆ ಕೂಡಿಸಿದಾಗ, ಆ ನಡುವಿನ ನಕ್ಷತ್ರದ ಗ್ರಹವೂ ಕ್ಷಣಿಕವಾದ ಮಿನುಗನ್ನು ಸೇರಿಸುವುದುಂಟು. ಈ ‘ಗುರುತ್ವ ಮಸೂರ’ ವಿಧಾನದಿಂದ ಮೊದಲ ಗ್ರಹ 2004ರಲ್ಲಿ ಪ್ರಕಟವಾಯಿತು. ಅಂಥ ಘಟನೆ ಮರುಕಳಿಸುವುದಿಲ್ಲ. ಆದುದರಿಂದ ಭೂಗೋಳದ ಬೇರೆ ಬೇರೆ ಭಾಗಗಳ ಹಲವು ವೀಕ್ಷಣಾಲಯಗಳು ಏಕಕಾಲದಲ್ಲಿ ನೋಡಿ ದಾಖಲಿಸುವುದೇ ಅದಕ್ಕೆ ರಕ್ಷಣೆ.

ಉರಗಧರಕ್ಕೆ ಮರಳಿ

ಬರ್ನಾರ್ಡ್ ನಕ್ಷತ್ರದ ಕಥೆ 1973ಕ್ಕೆ ಮುಗಿಯಲಿಲ್ಲ. 2018ರಲ್ಲಿ ಅದರ ಬಳಿ 233 ದಿನಗಳ ಅವಧಿಯ ಗ್ರಹವೊಂದು ಡಾಪ್ಲರ್ ವಿಧಾನದಿಂದ ಘೋಷಿತವಾಯಿತು. 2021ರಲ್ಲಿ ಅದು ನಕ್ಷತ್ರದ ಸ್ವಂತ ಚಟುವಟಿಕೆಯ ಫಲವೆಂದು ತೋರಿತು. 2024ರಲ್ಲಿ ಚಿಲಿ ದೇಶದ ಬೃಹತ್ ದೂರದರ್ಶಕದ ಎಸ್‌ಪ್ರೆಸೋ ಉಪಕರಣ 3.15 ದಿನಗಳ ಅವಧಿಯ ಪುಟ್ಟ ಗ್ರಹವೊಂದನ್ನು ಕಂಡಿತು. 2025ರಲ್ಲಿ ಹವಾಯಿ ದ್ವೀಪದ ಮೇಲಿನ ಬೇರೊಂದು ದೂರದರ್ಶಕದ, ಬೇರೊಂದು ಉಪಕರಣ ಅದನ್ನು ಸ್ವತಂತ್ರವಾಗಿ ಸ್ಥಿರಪಡಿಸಿದುದಲ್ಲದೆ, ಒಟ್ಟು ನಾಲ್ಕು ಗ್ರಹಗಳಿವೆಯೆಂದು ತಿಳಿಸಿತು. ನಾಲ್ಕೂ ಭೂಮಿಗಿಂತ ಹಗುರ; ನಾಲ್ಕೂ ಏಳು ದಿನಗಳೊಳಗೆ ಸುತ್ತುವಂಥವು. ವಾನ್ ಡೆ ಕ್ಯಾಂಪ್ ಅವರು ನೆಚ್ಚಿದ್ದ ನಕ್ಷತ್ರಕ್ಕೆ ಕೊನೆಗೂ ಗ್ರಹಗಳು ದೊರೆತವು. ಆದರೆ ಅವರು ಹೇಳಿದ ಗ್ರಹಗಳಲ್ಲ. ಫಲ ಹೊಂದಿಬಂದ ಮಾತ್ರಕ್ಕೆ ಹಳೆಯ ದಾರಿ ಸರಿಯಾಗುವುದಿಲ್ಲ.

ಭಾರತವೂ ಈ ಕಾರ್ಯದಲ್ಲಿ ಪಾಲುಗೊಂಡಿದೆ. ಮದರಾಸಿನ ಆ ವೀಕ್ಷಣಾಲಯದ ಪರಂಪರೆ ಕೊಡೈಕೆನಾಲಿನ ಮೂಲಕ ಮುಂದುವರಿದು, ಇಂದು ಬೆಂಗಳೂರಿನಲ್ಲಿ ಕೇಂದ್ರವುಳ್ಳ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಾಗಿ ಬೆಳೆದಿದೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಅಬು ಪರ್ವತದ ಗುರುಶಿಖರದಲ್ಲಿರುವ 1.2 ಮೀಟರ್ ದೂರದರ್ಶಕಕ್ಕೆ ಪರಸ್ ಎಂಬ ರೋಹಿತಲೇಖಿಯನ್ನು ಜೋಡಿಸಿ, ಕೆಪ್ಲರ್ ಸೂಚಿಸಿದ್ದ ಒಂದು ಸಂಭಾವ್ಯ ಗ್ರಹದ ದ್ರವ್ಯರಾಶಿಯನ್ನು ಅಳೆದು 2018ರಲ್ಲಿ ಪ್ರಕಟಿಸಿದರು. ಅದು ಭೂಮಿಯ ಸುಮಾರು 27 ಪಟ್ಟು ದ್ರವ್ಯರಾಶಿಯೂ 6 ಪಟ್ಟು ಅಗಲವೂ ಉಳ್ಳದ್ದು. 2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಒಂದು ನಕ್ಷತ್ರಕ್ಕೆ, ಭೌತವಿಜ್ಞಾನಿ ಬಿಭಾ ಚೌಧುರಿಯವರ ನೆನಪಿನಲ್ಲಿ ‘ಬಿಭಾ’ ಎಂದೂ, ಅದರ ಗ್ರಹಕ್ಕೆ ‘ಸಂತಮಸ’ ಎಂದೂ ಭಾರತದಿಂದ ಬಂದ ಹೆಸರುಗಳನ್ನು ಅಂಗೀಕರಿಸಿತು.

ಉಪಸಂಹಾರ

ಮೇಲಿನ ಪ್ರಸಂಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರೆ ಕೆಲವು ಮಾತುಗಳನ್ನು ಖಚಿತವಾಗಿ ಹೇಳಬಹುದು. ಎರಡು ಬೇರೆ ವಿಧಾನಗಳು ಒಂದೇ ಗ್ರಹವನ್ನು ತೋರಿಸಿದಾಗ, ಅಥವಾ ಬೇರೆ ಉಪಕರಣದಿಂದ ಬೇರೆಯವರು ಅದನ್ನೇ ಕಂಡಾಗ, ಅಥವಾ ಮುಂಚಿತವಾಗಿ ಹೇಳಿದ್ದು ಹೇಳಿದ ಹೊತ್ತಿಗೆ ಸಂಭವಿಸಿದಾಗ, ಆ ಗ್ರಹವನ್ನು ನಿಸ್ಸಂಕೋಚವಾಗಿ ನಂಬಬಹುದು.  ಸುಳಿವು ಉಪಕರಣದ ಸಾಮರ್ಥ್ಯದ ಅಂಚಿನಲ್ಲಿದ್ದಾಗ, ಅಥವಾ ಅದರ ಅವಧಿ ಭೂಮಿಯ ವರ್ಷಕ್ಕೋ ನಕ್ಷತ್ರದ ಆವರ್ತನೆಗೋ ಸಮೀಪವಿದ್ದಾಗ, ಕಾದುನೋಡುವುದೇ ವಿವೇಕ. ಸೂರ್ಯನಂಥ ನಕ್ಷತ್ರವನ್ನು ವರ್ಷಕ್ಕೊಮ್ಮೆ ಸುತ್ತುವ, ಭೂಮಿಯಂಥ ಗ್ರಹ ಇಂದಿಗೂ ಈ ಅಂಚಿನಲ್ಲಿಯೇ ಇದೆ. ಜನ ಹೆಚ್ಚು ಬಯಸುವ ಸುದ್ದಿಯೇ ಹೆಚ್ಚು ಎಚ್ಚರವನ್ನು ಬೇಡುತ್ತದೆ.

ಕಂಡ ಗ್ರಹಗಳ ಪಟ್ಟಿಯಿಂದ ವಿಶ್ವದ ಸ್ವರೂಪವನ್ನು ನೇರವಾಗಿ ಊಹಿಸುವುದೂ ಸಲ್ಲದು. ದೊಡ್ಡ ಕಣ್ಣಿನ ಬಲೆಗೆ ದೊಡ್ಡ ಮೀನು ಮಾತ್ರ ಬೀಳುವಂತೆ, ಈ ವಿಧಾನಗಳಿಗೆ ನಕ್ಷತ್ರಕ್ಕೆ ಸಮೀಪದ ದೊಡ್ಡ ಗ್ರಹಗಳೇ ಮೊದಲು ಸಿಗುತ್ತವೆ. ಭೂಮಿಯಂಥ ಕಕ್ಷೆಯುಳ್ಳ ಗ್ರಹ ನಮ್ಮ ದೃಷ್ಟಿಗೆ ಅಡ್ಡವಾಗಿ ಹಾಯುವ ಸಂಭವ ಸುಮಾರು 200ರಲ್ಲಿ 1. ಕಾಣದಿರುವುದು ಇಲ್ಲದಿರುವುದಲ್ಲ.

ಶಾಲೆಗಳಲ್ಲಿ ವಿಜ್ಞಾನವನ್ನು ಬೋಧಿಸುವಾಗ ಗೆದ್ದ ಶೋಧಗಳ ಕಥೆಯನ್ನಷ್ಟೇ ಹೇಳುವುದು ವಾಡಿಕೆ. ಇಂಥವರು ಇಂಥ ವರ್ಷ ಇಂಥದನ್ನು ಕಂಡುಹಿಡಿದರು ಎಂಬಲ್ಲಿಗೆ ಪಾಠ ಮುಗಿಯುತ್ತದೆ. ಅದನ್ನು ಓದಿದ ಬಾಲಕ, ತಪ್ಪುಮಾಡುವವನು ವಿಜ್ಞಾನಿಯಾಗಲಾರನೆಂದು ತಿಳಿದು, ಪ್ರಯೋಗಶಾಲೆಯಲ್ಲಿ ಬಂದ ಅಂಕಿಯನ್ನು ಅಳಿಸಿ, ಪುಸ್ತಕದ ಅಂಕಿಯನ್ನು ಬರೆಯುತ್ತಾನೆ. ಅವನು ಕಲಿತದ್ದು ವಿಜ್ಞಾನವಲ್ಲ. ಅಟ್ಲಾಂಟಾದ ಸಭೆಯಲ್ಲಿ ಲೈನ್ ಅವರು ಆಡಿದ ಮಾತನ್ನೂ, ಸಭೆ ಎದ್ದು ನಿಂತುದನ್ನೂ ಆ ಬಾಲಕನಿಗೆ ಹೇಳಬೇಕು. ತನಗೆ ಬಂದ ಅಂಕಿಯನ್ನು ಬಂದಂತೆಯೇ ಬರೆದು, ಅದೇಕೆ ಹಾಗೆ ಬಂತೆಂದು ಕೇಳುವ ಧೈರ್ಯ ಅವನಿಗೆ ಆಗ ಬಂದೀತು.

ಅರಿವನ್ನು ಅನುಭವದ ಒರೆಗಲ್ಲಿಗೆ ಹಚ್ಚಿ, ಮಾತನ್ನು ಎಲ್ಲರ ಮುಂದಿಟ್ಟು ವಿಚಾರಿಸಿದ ಅನುಭವಮಂಟಪದ ಸ್ಮರಣೆಯಲ್ಲಿ ನಡೆಯುವ ವಿದ್ಯಾಸಂಸ್ಥೆಗಳಿಗೆ ಈ ಕ್ರಮ ಅಪರಿಚಿತವಾಗಬೇಕಾಗಿಲ್ಲ. 1855ರ ಮದರಾಸಿನಲ್ಲಿ ಕಂಡ ಗ್ರಹ ಹುಸಿಯಾಯಿತು. ಆದರೆ ಅದನ್ನು ಹುಸಿಯೆಂದು ತಿಳಿದ ದಾರಿಯೇ ಮುಂದೆ ಆರು ಸಾವಿರ ಗ್ರಹಗಳ ಬಳಿಗೆ ಮಾನವನನ್ನು ಕರೆದೊಯ್ದಿತು.